ನಿಪ್ಪಟ್ಟಿನ ರೇಟು ಬದಲಿಸುವವರು ಯಾರು? ಕಡಿಮೆ ಖರ್ಚಿನ ವೆಬ್ ತಂತ್ರಾಂಶ ಆರಿಸಿದ ಬಗೆ

ಬೆಂಗಳೂರಿನ ಬಸವನಗುಡಿಯ ಒಂದು ಕಾಂಡಿಮೆಂಟ್ಸ್ (ಕುರುಕಲು ತಿಂಡಿ) ಅಂಗಡಿಗೆ ವೆಬ್‌ಸೈಟ್ ಬೇಕಿತ್ತು, ಮಾಡಿಕೊಡುವ ಕೆಲಸ ನಮ್ಮದು. ಒಟ್ಟು ಎಂಟು ಪುಟ, ಮೊದಲು ಕನ್ನಡ, ಆಮೇಲೆ ಇಂಗ್ಲಿಷ್. ನಲವತ್ತು ಫೋಟೊ, ಒಂದು ದರಪಟ್ಟಿ, ಅಂಗಡಿಗೆ ದಾರಿ ತೋರಿಸುವ ಮ್ಯಾಪು, ವಾಟ್ಸ್‌ಆ್ಯಪ್ ನಂಬರು. ಆನ್‌ಲೈನ್ ಪಾವತಿ, ಡೆಲಿವರಿ ಯಾವುದೂ ಬೇಡ. ಮೊದಲ ವರ್ಷದ ಖರ್ಚು ಐದು ಸಾವಿರ ದಾಟಬಾರದು. ಕೆಲಸಕ್ಕೆ ಇದ್ದದ್ದು ಎಸ್.ಪಿ. ರಸ್ತೆಯಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್: 4 ಜಿಬಿ ರ‍್ಯಾಮ್, ವಿಂಡೋಸ್ 10. ಇದಕ್ಕೆ ಯಾವ ತಂತ್ರಾಂಶ ಒಳ್ಳೆಯದು ಎಂದು ಕೇಳಿದರೆ ಹತ್ತು ಜನ ಹತ್ತು ಹೆಸರು ಹೇಳುತ್ತಾರೆ. ಅಂಗಡಿಯವರ ಪ್ರಶ್ನೆ ಮಾತ್ರ ಒಂದೇ: "ಎಣ್ಣೆ ರೇಟು ಏರಿದ್ರೆ ನಿಪ್ಪಟ್ಟಿನ ರೇಟೂ ಏರಿಸ್ಬೇಕಾಗತ್ತೆ. ಪ್ರತಿ ಸಲ ನಿಮಗೇ ಫೋನ್ ಮಾಡ್ಬೇಕಾ ಸಾರ್?" ತಿರುಗಿ ಮುರುಗಿ ಆಯ್ಕೆಯೆಲ್ಲ ಬಂದು ನಿಂತದ್ದು ಈ ಪ್ರಶ್ನೆಯ ಮುಂದೆಯೇ.

ಮೊದಲು ಹಣದ ಲೆಕ್ಕ. ವಿದೇಶಿ ಕಂಪನಿಗಳ ತಂತ್ರಾಂಶದ ಪುಟದಲ್ಲಿ ಕಾಣುವ ಬೆಲೆ ಒಂದು, ಕಾರ್ಡಿನಿಂದ ಹೋಗುವ ಮೊತ್ತ ಇನ್ನೊಂದು. ತಿಂಗಳಿಗೆ 20 ಡಾಲರ್ ಎಂದಿರುವ ಚಂದಾ ತೆಗೆದುಕೊಳ್ಳಿ. ಡಾಲರಿಗೆ 85 ರೂಪಾಯಿ ಎಂದು ಹಿಡಿದರೂ 1,700 ಆಯಿತು. ಅದರ ಮೇಲೆ ಶೇಕಡ 18 ಜಿಎಸ್‌ಟಿ ಸೇರಿದರೆ 2,006. ವಿದೇಶಿ ಕರೆನ್ಸಿಯ ವಹಿವಾಟಿಗೆಂದು ಬ್ಯಾಂಕು ಶೇಕಡ 3.5 ಹಾಕಿದರೆ, ಆ ಶುಲ್ಕಕ್ಕೆ ಮತ್ತೆ ಜಿಎಸ್‌ಟಿ ಸೇರಿ, ಸುಮಾರು 83 ರೂಪಾಯಿ. ವರ್ಷಕ್ಕೆ ಹತ್ತಿರ ಹತ್ತಿರ 25,000. ಎಂಟು ಪುಟಕ್ಕೆ ಇದು ಆನೆ ಕಟ್ಟಿ ಸಾಕಿದ ಹಾಗೆ. ಇನ್ನೊಂದು ತೊಡಕೂ ಇದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 15,000 ರೂಪಾಯಿ ಮೀರಿದ ಸ್ವಯಂಚಾಲಿತ ಪಾವತಿಗೆ ಪ್ರತಿ ಸಲ ಒಟಿಪಿ ಬೇಕು. ವರ್ಷದ ಚಂದಾ ಒಟ್ಟಿಗೆ ಕಟ್ಟಿದವರು ಮರುವರ್ಷ ಆ ಸಂದೇಶವನ್ನು ಗಮನಿಸದಿದ್ದರೆ ಚಂದಾ ತಾನಾಗಿ ನಿಂತುಹೋಗುತ್ತದೆ. ಚಂದಾ ಕಟ್ಟಿಯೇ ಬಳಸಬೇಕಾದ, ವೆಬ್ ಪುಟ ಕಟ್ಟುವ ಅಡೋಬಿಯ ಡ್ರೀಮ್‌ವೀವರ್ ಮೊದಲು ಪಟ್ಟಿಯಿಂದ ಹೊರಬಿತ್ತು. ಅದು ಕೆಟ್ಟ ತಂತ್ರಾಂಶ ಎಂದಲ್ಲ. ಈ ಅಂಗಡಿಗೆ ಅದರ ಹತ್ತರಲ್ಲಿ ಒಂದು ಭಾಗವೂ ಬೇಡ. ಕ್ರ್ಯಾಕ್ ಮಾಡಿದ ಪ್ರತಿಯ ಮಾತು ಯಾರಾದರೂ ಎತ್ತಿಯೇ ಎತ್ತುತ್ತಾರೆ. ಸರ್ವರಿನ ಪಾಸ್‌ವರ್ಡ್ ಹಾಕಬೇಕಾದ ಯಂತ್ರಕ್ಕೆ ಯಾರೋ ಬಿಚ್ಚಿ ಕಟ್ಟಿದ ತಂತ್ರಾಂಶ ಸೇರಿಸುವುದು ಅಂಗಡಿಯ ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕಿದಂತೆ.

ಉಚಿತ ಎಡಿಟರುಗಳ, ಅಂದರೆ ಪುಟದ ಕೋಡ್ ಬರೆಯುವ ತಂತ್ರಾಂಶಗಳ ಕಡೆ ತಿರುಗಿದರೆ ಬೇರೆ ಸಮಸ್ಯೆ. ಅಂತರ್ಜಾಲದಲ್ಲಿ ಓಡಾಡುವ "ಅತ್ಯುತ್ತಮ ಉಚಿತ ಎಡಿಟರ್" ಪಟ್ಟಿಗಳಲ್ಲಿ ಅರ್ಧದಷ್ಟು ಹೆಸರು ಈಗ ಜೀವಂತ ಇಲ್ಲ. ಮೈಕ್ರೊಸಾಫ್ಟಿನ ಫ್ರಂಟ್‌ಪೇಜ್ 2003ರ ಆವೃತ್ತಿಗೇ ಮುಗಿಯಿತು. ಅದರ ಜಾಗಕ್ಕೆ ಬಂದ ಎಕ್ಸ್‌ಪ್ರೆಶನ್ ವೆಬ್ 2012ರ ಕೊನೆಯಲ್ಲಿ ಉಚಿತವಾಯಿತು, ಅಷ್ಟರಲ್ಲಿ ಅದರ ಅಭಿವೃದ್ಧಿಯೂ ನಿಂತಿತ್ತು. ಕಾಂಪೋಜರ್ 2010ರಿಂದ ಹಾಗೇ ಇದೆ. ನೋಡಿ ನೋಡಿ ಪುಟ ಕಟ್ಟುವ ಸುಖ ಅದರಲ್ಲಿ ಇದ್ದದ್ದು ನಿಜ, ಆದರೆ ಅದು ಬರೆಯುವುದು ವೆಬ್ ಪುಟಗಳ ಭಾಷೆಯಾದ ಎಚ್‌ಟಿಎಂಎಲ್‌ನ 5ನೇ ಆವೃತ್ತಿಗಿಂತ ಹಿಂದಿನ ಕಾಲದ ಕೋಡ್. ಮೊಬೈಲಿಗೆ ಹೊಂದುವ ಪುಟ ಅದರಿಂದ ಬರುವುದಿಲ್ಲ. ಅಡೋಬಿಯ ಬ್ರ್ಯಾಕೆಟ್ಸ್‌ಗೆ 2021ರ ಸೆಪ್ಟೆಂಬರಿನಲ್ಲಿ, ಗಿಟ್‌ಹಬ್ಬಿನ ಆ್ಯಟಮ್‌ಗೆ 2022ರ ಡಿಸೆಂಬರಿನಲ್ಲಿ ಮಂಗಳ ಹಾಡಿದರು. ಹಾಗಾಗಿ ಡೌನ್‌ಲೋಡ್ ಗುಂಡಿ ಒತ್ತುವ ಮುಂಚೆ ಒಂದೇ ಕೆಲಸ: ಕೊನೆಯ ಆವೃತ್ತಿ ಬಂದ ತಾರೀಖು ನೋಡುವುದು. ವರ್ಷಕ್ಕಿಂತ ಹಳೆಯದಾದರೆ ಮುಂದೆ ಹೋಗುವುದು.

"ಉಚಿತ" ಎಂಬ ಪದದಲ್ಲೂ ಕೊಸರು ಇರುತ್ತದೆ. ಫೋಟೊ ಗಾತ್ರ ಕಡಿಮೆ ಮಾಡುವ ಇರ್ಫಾನ್‌ವ್ಯೂ, ಎಕ್ಸ್‌ಎನ್‌ಕನ್ವರ್ಟ್ ಮನೆಯ ಬಳಕೆಗೆ ಉಚಿತ. ಅಂಗಡಿಯ ಕೆಲಸಕ್ಕೆ ಲೈಸೆನ್ಸ್ ಕೊಳ್ಳಬೇಕು. ಚಿತ್ರದ ಕೆಲಸದ ಜಿಂಪ್, ಇಂಕ್‌ಸ್ಕೇಪ್, ಇಮೇಜ್‌ಮ್ಯಾಜಿಕ್, ಕೋಡ್ ಬರೆಯುವ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಮುಕ್ತ ತಂತ್ರಾಂಶಗಳು, ವ್ಯಾಪಾರಕ್ಕೂ ಅಡ್ಡಿಯಿಲ್ಲ.

ಈ ಜರಡಿ ಹಿಡಿದ ಮೇಲೆ ಉಳಿದವನ್ನು ಕನ್ನಡದ ಪರೀಕ್ಷೆಗೆ ಹಾಕಿದೆವು. ಇಂಗ್ಲಿಷ್ ವಿಮರ್ಶೆಗಳಲ್ಲಿ ಈ ಅಧ್ಯಾಯವೇ ಇರುವುದಿಲ್ಲ. ಒಂದು ಸಣ್ಣ ಫೈಲಿನಲ್ಲಿ ಏಳೆಂಟು ಪದ: ಲಕ್ಷ್ಮಿ, ರಾಷ್ಟ್ರ, ಸ್ತ್ರೀ, ಕಾರ್ತಿಕ, ಸಾಫ್ಟ್‌ವೇರ್, ರ‍್ಯಾಂಕ್, ಜ಼ರಿ, ಜೊತೆಗೆ ೧೨೩. ಇದನ್ನು ಪ್ರತಿ ಎಡಿಟರಿನಲ್ಲಿ ತೆರೆದು, ಒಂದು ಅಕ್ಷರ ಸೇರಿಸಿ, ಉಳಿಸಿ, ಮುಚ್ಚಿ, ಮತ್ತೆ ತೆರೆದು ನೋಡಬೇಕು.

ಮೊದಲು ಕೈಕೊಡುವುದು ಸಾಫ್ಟ್‌ವೇರ್. ಟ-ಒತ್ತಿನ ನಂತರ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ, ಮುಂದಿನ ವ ಒತ್ತಾಗದಂತೆ ತಡೆಯುವುದು ಅದರ ಕೆಲಸ. ಅದು ಬಿದ್ದುಹೋದರೆ ಪದ ಸಾಫ್ಟ್ವೇರ್ ಆಗುತ್ತದೆ. ರ‍್ಯಾಂಕ್ ಎಂಬಲ್ಲೂ ಹಾಗೇ, ಅದೃಶ್ಯ ಅಕ್ಷರ ಹೋದರೆ ಅರ್ಕಾವತ್ತು ಬಂದು ರ್ಯಾಂಕ್ ಎಂದಾಗುತ್ತದೆ. ಕೆಲವು ಆನ್‌ಲೈನ್ ಸೈಟ್ ಬಿಲ್ಡರುಗಳು "ಅನಗತ್ಯ ಅಕ್ಷರ" ಎಂದು ಇವನ್ನು ಗುಡಿಸಿ ಹಾಕುತ್ತವೆ. ಮೈಕ್ರೊಸಾಫ್ಟಿನ ಉಚಿತ ಎಡಿಟರ್ ವಿಷುವಲ್ ಸ್ಟುಡಿಯೊ ಕೋಡ್ (ವಿಎಸ್ ಕೋಡ್) ತದ್ವಿರುದ್ಧ: ಅಳಿಸುವುದಿಲ್ಲ, ಆದರೆ ಅನುಮಾನದಿಂದ ಪ್ರತಿಯೊಂದರ ಸುತ್ತ ಬಣ್ಣದ ಚೌಕ ಎಳೆಯುತ್ತದೆ. ಕನ್ನಡದ ಪುಟವಾದರೆ ಇಡೀ ತೆರೆ ಚೌಕಗಳ ಜಾತ್ರೆ. ಸೆಟ್ಟಿಂಗ್ಸ್‌ನಲ್ಲಿ "ಯೂನಿಕೋಡ್ ಹೈಲೈಟ್" ಎಂದು ಹುಡುಕಿ, ಅದೃಶ್ಯ ಅಕ್ಷರಗಳ ಆಯ್ಕೆಯನ್ನು ಆಫ್ ಮಾಡಿದರೆ ಜಾತ್ರೆ ಮುಗಿಯುತ್ತದೆ.

ಎರಡನೆಯದು ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಫೈಲಿನಲ್ಲಿ ಬೈಟುಗಳಾಗಿ ಉಳಿಸುವ ಬಗೆ. ಫೈಲು ಎಲ್ಲ ಲಿಪಿಗಳಿಗೂ ಜಾಗವಿರುವ ಯುಟಿಎಫ್-8ರಲ್ಲೇ ಉಳಿಯಬೇಕು. ವಿಂಡೋಸಿನ ಹಳೆಯ ನೋಟ್‌ಪ್ಯಾಡ್ ಕನ್ನಡಕ್ಕೆ ಜಾಗವಿಲ್ಲದ ಆನ್ಸಿಯಲ್ಲಿ ಉಳಿಸುತ್ತಿತ್ತು, ಆಗ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲು, ಮತ್ತೆ ವಾಪಸು ಬರುವುದೇ ಇಲ್ಲ. ಪುಟದ ತಲೆಭಾಗದಲ್ಲಿ, ಎನ್‌ಕೋಡಿಂಗ್ ಯಾವುದೆಂದು ಬ್ರೌಸರಿಗೆ ಹೇಳುವ ಚಾರ್‌ಸೆಟ್ ಘೋಷಣೆ ಮೊದಲ 1024 ಬೈಟುಗಳ ಒಳಗೇ ಇರಬೇಕು. ಅದಕ್ಕೂ ಮೇಲೆ ಕನ್ನಡದ ಉದ್ದದ ಟಿಪ್ಪಣಿ ಬರೆದಿಟ್ಟರೆ ಆ ಮಿತಿ ಬೇಗ ಮುಗಿಯುತ್ತದೆ, ಯಾಕೆಂದರೆ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು. ಕಣ್ಣಿಗೆ ಒಂದೇ ಅಕ್ಷರವಾದ "ಸ್ತ್ರೀ" ಒಳಗೆ ಆರು ಸಂಕೇತ, 18 ಬೈಟು.

ಮೂರನೆಯದು ಹಳೆಯ ಸರಕು. ಅಂಗಡಿಯ ಕರಪತ್ರದ ಮಾತುಗಳು ಡಿಟಿಪಿಯವರಲ್ಲಿ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಇದ್ದವು. ನುಡಿಯೇ ಈಗ ಯೂನಿಕೋಡ್ ಬರೆಯುತ್ತದೆ. ಆದರೆ ಬೆಂಗಳೂರಿನ ಎಷ್ಟೋ ಪ್ರೆಸ್ಸುಗಳಲ್ಲಿ ಪೇಜ್‌ಮೇಕರ್ ಕಾಲದ ಫೈಲುಗಳು ಹಾಗೇ ಇವೆ. ಅವುಗಳಲ್ಲಿ ಇರುವುದು ಕನ್ನಡದ ವೇಷ ತೊಟ್ಟ ರೋಮನ್ ಅಕ್ಷರ. ಫಾಂಟ್ ಇಲ್ಲದ ಫೋನಿನಲ್ಲಿ ವೇಷ ಕಳಚಿ ಬೀಳುತ್ತದೆ. ಪರಿವರ್ತಕದಲ್ಲಿ ಹಾಯಿಸಿದ ಮೇಲೆ ಅರ್ಕಾವತ್ತು, ದೀರ್ಘಗಳು ಮತ್ತು ಪಠ್ಯದ ನಡುವಿನ ಇಂಗ್ಲಿಷ್ ಪದಗಳನ್ನು ಕಣ್ಣಿಟ್ಟು ಓದಲೇಬೇಕು. ಇಂಗ್ಲಿಷ್ ಪದಗಳೂ ಕನ್ನಡವಾಗಿ ಪರಿವರ್ತನೆಯಾಗಿ ಅರ್ಥವಿಲ್ಲದ ಅಕ್ಷರಗಳಾಗಿರುತ್ತವೆ. ಎಂಟು ಪುಟಕ್ಕೆ ಇದೇ ಅರ್ಧ ದಿನದ ಕೆಲಸ.

ಪರೀಕ್ಷೆಯಲ್ಲಿ ಪಾಸಾದದ್ದು ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಮತ್ತು ವಿಎಸ್ ಕೋಡ್. ಮೊದಲನೆಯದು ಹಗುರ, 4 ಜಿಬಿ ಯಂತ್ರದಲ್ಲಿ ಇದೆಯೋ ಇಲ್ಲವೋ ಎನ್ನುವಂತೆ ಓಡುತ್ತದೆ. ಆದರೆ ವಿಂಡೋಸಿಗೆ ಮಾತ್ರ. ಎರಡನೆಯದು ಒಳಗೊಳಗೇ ಒಂದು ಬ್ರೌಸರ್, ಕ್ರೋಮ್ ಜೊತೆಗೆ ತೆರೆದರೆ ಯಂತ್ರ ಏದುಸಿರು ಬಿಡುತ್ತದೆ. ಆದರೂ ವಿಎಸ್ ಕೋಡನ್ನೇ ಇಟ್ಟುಕೊಂಡದ್ದು ಎರಡು ಕಾರಣಕ್ಕೆ: ಬರೆದದ್ದನ್ನು ಕೂಡಲೇ ಬ್ರೌಸರಿನಲ್ಲಿ ತೋರಿಸುವ ಲೈವ್ ಸರ್ವರ್ ಎಂಬ ಎಕ್ಸ್‌ಟೆನ್ಶನ್ (ಎಡಿಟರಿಗೆ ಜೋಡಿಸುವ ಪುಟ್ಟ ತಂತ್ರಾಂಶ), ಮತ್ತು ನಾಳೆ ಲಿನಕ್ಸಿಗೆ ಹೋದರೂ ಜೊತೆಗೆ ಬರುತ್ತದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರಿಗೆ ಮುಗಿದಿರುವುದರಿಂದ ಇಂಥ ಲ್ಯಾಪ್‌ಟಾಪಿಗೆ ಆ ದಿನ ದೂರವೇನಿಲ್ಲ. ಎಕ್ಸ್‌ಟೆನ್ಶನ್ ಆ ಒಂದೇ ಸಾಕು. ಹತ್ತು ಹಾಕಿಕೊಂಡವರ ದೂರು ಯಾವಾಗಲೂ "ನಿಧಾನ" ಎಂಬುದೇ.

ಹಾಕಿದ ಮೇಲೆ ಮಾಡಬೇಕಾದ್ದು ಸ್ವಲ್ಪವೇ. ಸೆಟ್ಟಿಂಗ್ಸ್‌ನ ಫಾಂಟ್ ಫ್ಯಾಮಿಲಿ ಪಟ್ಟಿಯ ಕೊನೆಗೆ ನೋಟೊ ಸ್ಯಾನ್ಸ್ ಕನ್ನಡ ಎಂಬ ಫಾಂಟ್ ಸೇರಿಸಿ. ಆಲ್ಟ್ ಹಿಡಿದು ಜಡ್ ಒತ್ತಿದರೆ ಉದ್ದದ ಸಾಲು ಮಡಚಿಕೊಳ್ಳುತ್ತದೆ. ಖಾಲಿ ಫೈಲಿನಲ್ಲಿ ಆಶ್ಚರ್ಯಸೂಚಕ ಚಿಹ್ನೆ ಬರೆದು ಟ್ಯಾಬ್ ಒತ್ತಿದರೆ ಪುಟದ ಅಸ್ಥಿಪಂಜರ ತಾನೇ ಬರುತ್ತದೆ, ಆದರೆ ಭಾಷೆ ಇಂಗ್ಲಿಷ್ ಎಂದು ಬಂದಿರುತ್ತದೆ. ಅದನ್ನು ಕನ್ನಡದ ಸಂಕೇತವಾದ "ಕೆಎನ್"ಗೆ ಬದಲಿಸುವುದನ್ನು ಬಹಳ ಜನ ಮರೆಯುತ್ತಾರೆ. ಆಮೇಲೆ ಪುಟ ತೆರೆದವರಿಗೆಲ್ಲ ಕ್ರೋಮ್ "ಇಂಗ್ಲಿಷಿನಿಂದ ಅನುವಾದಿಸಲೇ" ಎಂಬಂಥ ವಿಚಿತ್ರ ಪ್ರಶ್ನೆ ಕೇಳಬಹುದು. ಪುಟ ಓದಿ ಹೇಳುವ ತಂತ್ರಾಂಶವೂ ಕನ್ನಡವನ್ನು ಇಂಗ್ಲಿಷ್ ದನಿಯಲ್ಲಿ ಓದಲು ಹೊರಡುತ್ತದೆ.

ಬ್ರೌಸರಿನಲ್ಲೇ ಬರೆದು ಪ್ರಕಟಿಸುವ ವರ್ಡ್‌ಪ್ರೆಸ್ ಯಾಕಲ್ಲ ಎಂಬ ಪ್ರಶ್ನೆ ಬಂದೇ ಬರುತ್ತದೆ. ವಾರಕ್ಕೆರಡು ಲೇಖನ ಹಾಕುವ ಸಂಘಕ್ಕೋ ಪತ್ರಿಕೆಗೋ ಆದರೆ ಅದೇ ಸರಿ. ಕನ್ನಡದ ಅನುವಾದವೂ ಇದೆ, ತಂತ್ರಾಂಶವೂ ಉಚಿತ. ಆದರೆ ಅದಕ್ಕೆ ಪಿಎಚ್‌ಪಿ ಎಂಬ ಭಾಷೆ ಮತ್ತು ಡೇಟಾಬೇಸ್ ನಡೆಯುವ ಹೋಸ್ಟಿಂಗ್ (ಪುಟ ಇಡುವ ಸರ್ವರಿನ ಜಾಗ) ಬೇಕು, ಅದು ವರ್ಷ ವರ್ಷದ ಬಾಡಿಗೆ. ಹೆಚ್ಚಿನ ಸೌಲಭ್ಯಕ್ಕೆ ಜೋಡಿಸುವ ಪ್ಲಗಿನ್ನುಗಳನ್ನು ತಿಂಗಳಿಗೊಮ್ಮೆಯಾದರೂ ಅಪ್‌ಡೇಟ್ ಮಾಡದಿದ್ದರೆ ಕಳ್ಳರಿಗೆ ಕಿಂಡಿ. ಪುಟ ಕಟ್ಟುವ ಪ್ಲಗಿನ್ ಹಾಕಿ ಆಮೇಲೆ ಬೇಡವೆಂದು ತೆಗೆದರೆ, ಪುಟದ ತುಂಬ ಚೌಕ ಆವರಣದ ಸಂಕೇತಗಳನ್ನು ಬಿಟ್ಟುಹೋಗುವ ಪ್ಲಗಿನ್ನುಗಳೂ ಉಂಟು. ವರ್ಷಕ್ಕೆ ಆರು ಸಲ ಬದಲಾಗುವ ದರಪಟ್ಟಿಗೆ ಇಷ್ಟು ಸಂಸಾರ ಯಾರಿಗೆ ಬೇಕು?

ಎಳೆದು ಬಿಟ್ಟು ಪುಟ ಕಟ್ಟುವ ಆನ್‌ಲೈನ್ ಬಿಲ್ಡರುಗಳು ಒಂದು ಸಂಜೆಯಲ್ಲಿ ಚಂದದ ಪುಟ ಕೊಡುತ್ತವೆ, ಸುಳ್ಳಲ್ಲ. ಅಲ್ಲಿ ಕೇಳಬೇಕಾದ್ದು: ಸ್ವಂತ ಡೊಮೇನ್ (ಜಾಲದ ವಿಳಾಸ) ಯಾವ ದರಕ್ಕೆ ಸಿಗುತ್ತದೆ, ಎರಡನೆಯ ವರ್ಷದ ದರ ಎಷ್ಟು, ಮತ್ತು ಪುಟಗಳನ್ನು ಇಳಿಸಿಕೊಂಡು ಬೇರೆ ಕಡೆ ಹೋಗಬಹುದೇ. ಮೂರನೆಯದಕ್ಕೆ ಉತ್ತರ ಬಹುತೇಕ "ಇಲ್ಲ" ಎಂದೇ. ಚಂದಾ ನಿಂತ ದಿನ ಅಂಗಡಿಯ ಹಲಗೆಯೂ ಇಳಿಯುತ್ತದೆ.

ಕೊನೆಗೆ ಉಳಿದ ದಾರಿ: ಪುಟಗಳು ಸಾದಾ ಎಚ್‌ಟಿಎಂಎಲ್, ದರಪಟ್ಟಿ ಮಾತ್ರ ಒಂದು ಪಠ್ಯದ ಫೈಲು. ಪುಟದೊಳಗಿನ ಹತ್ತು ಹನ್ನೆರಡು ಸಾಲಿನ ಜಾವಾಸ್ಕ್ರಿಪ್ಟ್ ಆ ಫೈಲನ್ನು ಓದಿ ಪಟ್ಟಿ ಮಾಡಿ ತೋರಿಸುತ್ತದೆ. ಅಂಗಡಿಯವರು ಮುಟ್ಟುವುದು ಆ ಫೈಲನ್ನು ಮಾತ್ರ, ಪುಟದ ಕೋಡ್ ಅವರ ಕೈಗೆ ಸಿಗುವುದೇ ಇಲ್ಲ. ಮೊದಲು ಸಿಎಸ್‌ವಿ, ಅಂದರೆ ಅಲ್ಪವಿರಾಮದಿಂದ ಭಾಗ ಮಾಡುವ ಫೈಲಿನ ಯೋಚನೆ ಇತ್ತು. ಎಕ್ಸೆಲ್ ಅದನ್ನು ಹಾಳುಮಾಡಿತು: ಡಬಲ್ ಕ್ಲಿಕ್ ಮಾಡಿ ತೆರೆದರೆ ಕನ್ನಡ ಕಲಸುಮೇಲೋಗರ, ಸಾದಾ ಸಿಎಸ್‌ವಿಯಾಗಿ ಉಳಿಸಿದರೆ ಪ್ರಶ್ನಾರ್ಥಕ ಚಿಹ್ನೆ. ಜೊತೆಗೆ "1,000 ಗ್ರಾಂ" ಎಂದು ಯಾರಾದರೂ ಬರೆದರೆ ಆ ಅಲ್ಪವಿರಾಮವೇ ಒಂದು ಕಂಬಸಾಲನ್ನು ಹೆಚ್ಚು ಮಾಡುತ್ತದೆ. ಅದಕ್ಕೇ ಫೋನಿನ ಕೀಲಿಮಣೆಯಲ್ಲಿ ಸುಲಭವಾಗಿ ಸಿಗುವ ಸಮಚಿಹ್ನೆ: ನಿಪ್ಪಟ್ಟು = 250 ಗ್ರಾಂ = 90. ಅಕ್ಕಪಕ್ಕದ ಖಾಲಿ ಜಾಗವನ್ನು ಕೋಡ್ ತಾನೇ ಕತ್ತರಿಸುತ್ತದೆ.

ಇಲ್ಲಿ ಎರಡು ಕಡೆ ಎಡವಬಹುದು. ಪುಟವನ್ನು ಫೋಲ್ಡರಿನಿಂದ ನೇರ ತೆರೆದರೆ ದರಪಟ್ಟಿ ಖಾಲಿ ಕಾಣುತ್ತದೆ. ಭದ್ರತೆಗಾಗಿ ಬ್ರೌಸರ್ ಹಾಗೆ ಪಕ್ಕದ ಫೈಲು ಓದಲು ಬಿಡುವುದಿಲ್ಲ. ಲೈವ್ ಸರ್ವರಿನಿಂದ ತೆರೆದಾಗ ಮಾತ್ರ ಬರುತ್ತದೆ. ಎರಡನೆಯದು, ಯಾರಾದರೂ ೯೦ ಎಂದು ಕನ್ನಡ ಅಂಕಿ ಬರೆದರೆ ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆ ಎಂದು ಒಪ್ಪುವುದಿಲ್ಲ. ದರವನ್ನು ಲೆಕ್ಕಕ್ಕೆ ಬಳಸದೆ ಪಠ್ಯವಾಗಿಯೇ ತೋರಿಸಿದರೆ ಈ ತಕರಾರಿಲ್ಲ, ಕನ್ನಡ ಅಂಕಿಯೂ ಚಂದವಾಗಿ ಕಾಣುತ್ತದೆ.

ಫೈಲುಗಳನ್ನು ಇಡಲು ಗಿಟ್‌ಹಬ್, ಅಲ್ಲಿಂದ ಜನರಿಗೆ ತೋರಿಸಲು ಕ್ಲೌಡ್‌ಫ್ಲೇರ್ ಪೇಜಸ್. ಗಿಟ್‌ಹಬ್ ಪೇಜಸ್ ಕೂಡ ಉಚಿತವೇ, ಆದರೆ ಆನ್‌ಲೈನ್ ವ್ಯಾಪಾರ ನಡೆಸಲು ಅದನ್ನು ಉಚಿತ ಹೋಸ್ಟಿಂಗಿನಂತೆ ಬಳಸಬಾರದೆಂದು ಅದರ ನಿಯಮದಲ್ಲೇ ಇದೆ. ಇಂದು ಪಾವತಿ ಇಲ್ಲದ ಅಂಗಡಿಯ ಪುಟಕ್ಕೆ ನಾಳೆ ಆರ್ಡರ್ ಸೇರಬಹುದು, ಆಗ ತಕರಾರು ಬೇಡ. ಕ್ಲೌಡ್‌ಫ್ಲೇರಿನ ಉಚಿತ ಮಿತಿ ತಿಂಗಳಿಗೆ 500 ಬಿಲ್ಡ್ (ಬದಲಾದ ಪುಟವನ್ನು ಹೊಸದಾಗಿ ಏರಿಸುವುದು), 20,000 ಫೈಲು, ಒಂದೊಂದು ಫೈಲು 25 ಎಂಬಿಯ ಒಳಗೆ. ಅಂಗಡಿಯವರು ದಿನಕ್ಕೆ ಹತ್ತು ಸಲ ದರ ಬದಲಿಸಿದರೂ ಮಿತಿ ಮುಟ್ಟುವುದಿಲ್ಲ.

ವಿನ್ಯಾಸಕ್ಕೆ ಫಿಗ್ಮಾ, ಪೆನ್‌ಪಾಟ್ ನೋಡಿದ್ದಾಯಿತು. ಎಂಟು ಪುಟಕ್ಕೆ ಕಾಗದ ಪೆನ್ಸಿಲ್ ಸಾಕು. ನಿಜವಾದ ಕೆಲಸ ಇದ್ದದ್ದು ಫೋಟೊ ಮತ್ತು ಫಾಂಟಿನಲ್ಲಿ.

ಫೋನಿನಲ್ಲಿ ತೆಗೆದ ಕೋಡುಬಳೆಯ ಚಿತ್ರ ಒಂದೊಂದೂ ಸುಮಾರು 4 ಎಂಬಿ. ನಲವತ್ತಕ್ಕೆ 160 ಎಂಬಿ. ಅಗಲ 1,200 ಪಿಕ್ಸೆಲ್, ವೆಬ್‌ಪಿ ಎಂಬ ಹಗುರ ಚಿತ್ರಮಾದರಿ, ಗುಣಮಟ್ಟ 75 ಎಂದು ಇಟ್ಟರೆ ಒಂದು ಚಿತ್ರ 150 ಕೆಬಿಯ ಆಸುಪಾಸು, ಒಟ್ಟು 6 ಎಂಬಿ. ಒಂದೆರಡು ಚಿತ್ರಕ್ಕೆ ಸ್ಕ್ವೂಶ್ ಚೆನ್ನ, ಬ್ರೌಸರಿನಲ್ಲೇ ನಡೆಯುತ್ತದೆ, ಚಿತ್ರ ನಿಮ್ಮ ಯಂತ್ರ ಬಿಟ್ಟು ಹೋಗುವುದಿಲ್ಲ. ನಲವತ್ತಕ್ಕೂ ಒಟ್ಟಿಗೆ ಇಮೇಜ್‌ಮ್ಯಾಜಿಕ್. ಜೊತೆಗೆ ಚಿತ್ರದೊಳಗೆ ಅಡಗಿರುವ ಮಾಹಿತಿಯನ್ನು ಕಿತ್ತುಹಾಕುವ ಆಯ್ಕೆ ಕೊಡಿ. ಮನೆಯಲ್ಲಿ ತೆಗೆದ ಫೋಟೊ ಆದರೆ ಮನೆ ಇರುವ ಜಾಗವೂ ಅದರಲ್ಲಿ ದಾಖಲಾಗಿರಬಹುದು.

ಲಾಂಛನವನ್ನು ಇಂಕ್‌ಸ್ಕೇಪಿನಲ್ಲಿ ಬರೆದು ಎಸ್‌ವಿಜಿ (ಗೆರೆಗಳಾಗಿ ಉಳಿಯುವ ಚಿತ್ರ) ಮಾಡಿದ್ದು. ಅಂಗಡಿಯ ಹೆಸರಿನ ಅಕ್ಷರಗಳನ್ನು ಕೊನೆಯಲ್ಲಿ ಪಾಥ್, ಅಂದರೆ ಬರಿಯ ಗೆರೆಗಳಾಗಿ ಬದಲಿಸದಿದ್ದರೆ, ಆ ಫಾಂಟ್ ಇಲ್ಲದ ಫೋನಿನಲ್ಲಿ ಹೆಸರೇ ಬೇರೆ ರೂಪದಲ್ಲಿ ಬರುತ್ತದೆ. ಇಂಕ್‌ಸ್ಕೇಪ್, ಜಿಂಪ್ ಎರಡರಲ್ಲೂ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಫೋಟೊಶಾಪ್ ಬಳಸುವವರು ಟೈಪ್ ಆಯ್ಕೆಗಳಲ್ಲಿ "ವರ್ಲ್ಡ್ ರೆಡಿ" ಲೇಔಟ್ ಆರಿಸಬೇಕು. ಇಲ್ಲದಿದ್ದರೆ ಒತ್ತುಗಳು ಕಳಚಿ ಪಕ್ಕದಲ್ಲಿ ನಿಲ್ಲುತ್ತವೆ. ನಗರದ ಫ್ಲೆಕ್ಸುಗಳಲ್ಲಿ ಬಿಡಿಬಿಡಿಯಾಗಿ ನಿಂತ ಒತ್ತುಗಳನ್ನು ಕಂಡಾಗೆಲ್ಲ ಇಂಥದೇ ಒಂದು ಆಯ್ಕೆ ತಪ್ಪಿರಬೇಕು ಅನ್ನಿಸುತ್ತದೆ.

ಪುಟದ ಪಠ್ಯಕ್ಕೆ ನೋಟೊ ಸ್ಯಾನ್ಸ್ ಕನ್ನಡ, ಶೀರ್ಷಿಕೆಗೆ ಬಲೂ ತಮ್ಮ 2; ಎರಡೂ ಮುಕ್ತ ಪರವಾನಗಿಯವು. ಸಾಲಿನ ಅಂತರ ಅಕ್ಷರದ ಗಾತ್ರದ 1.7 ಪಟ್ಟು. ಇಂಗ್ಲಿಷ್ ಟೆಂಪ್ಲೇಟುಗಳಲ್ಲಿ ಶೀರ್ಷಿಕೆಗೆ 1.2 ಇರುತ್ತದೆ, ಅದರಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಗುಂಡಿಗಳಿಗೆ ಎತ್ತರ ನಿಗದಿ ಮಾಡಿ ಹೊರಗಿನದನ್ನು ಮರೆಮಾಡಿದ್ದರೆ "ನಿಪ್ಪಟ್ಟು" ಇಂಥ ಒತ್ತಕ್ಷರದ ಪದಗಳ ಕೆಳಭಾಗ ಕತ್ತರಿಸಿಹೋಗುತ್ತದೆ. ಫಾಂಟ್ ಹಗುರ ಮಾಡಲೆಂದು ಬೇಡದ ಅಕ್ಷರ ತೆಗೆಯುವ ಸಾಧನಗಳಲ್ಲೂ ಎಚ್ಚರ ಬೇಕು: ಒತ್ತು ಕೂರಿಸುವ ಕೋಷ್ಟಕವನ್ನೇ ತೆಗೆದುಬಿಟ್ಟರೆ "ನಿಪ್ಪಟ್ಟು" ಹೋಗಿ "ನಿಪ್‌ಪಟ್‌ಟು" ಆಗುತ್ತದೆ.

ಫೈಲುಗಳ ಹೆಸರು ಇಂಗ್ಲಿಷಿನ ಸಣ್ಣಕ್ಷರದಲ್ಲಿ, ಖಾಲಿ ಜಾಗವಿಲ್ಲದೆ. ವಿಂಡೋಸಿಗೆ ದೊಡ್ಡಕ್ಷರ ಸಣ್ಣಕ್ಷರ ಒಂದೇ, ಸರ್ವರಿಗೆ ಬೇರೆ ಬೇರೆ. ಲ್ಯಾಪ್‌ಟಾಪಿನಲ್ಲಿ ಕಂಡ ಚಿತ್ರ ಜಾಲಕ್ಕೆ ಏರಿದ ಮೇಲೆ ಮಾಯವಾಯಿತು ಎಂದರೆ ಹತ್ತಕ್ಕೆ ಒಂಬತ್ತು ಸಲ ಕಾರಣ ಇದೇ. ಕನ್ನಡದಲ್ಲಿ ಹೆಸರಿಡುವ ಆಸೆ ಇದ್ದರೆ ಒಂದು ಲೆಕ್ಕ: "ನಿಪ್ಪಟ್ಟು" ಎಂಬುದರಲ್ಲಿ 9 ಸಂಕೇತ, 27 ಬೈಟು; ಕೊಂಡಿಯನ್ನು ಕಾಪಿ ಮಾಡಿ ವಾಟ್ಸ್‌ಆ್ಯಪಿಗೆ ಹಾಕಿದಾಗ ಅದು ಶೇಕಡ ಚಿಹ್ನೆಗಳಿಂದ ತುಂಬಿದ 81 ಅಕ್ಷರದ ಸರಪಳಿಯಾಗಬಹುದು.

ಕೈಯಿಂದ ಹಣ ಹೋದದ್ದು ಡೊಮೇನಿಗೆ ಮಾತ್ರ, ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು. ಜಾಹೀರಾತಿನ ದರ ಮೊದಲ ವರ್ಷದ್ದು, ನವೀಕರಣದ ದರವನ್ನು ಬೇರೆಯಾಗಿ ಹುಡುಕಿ ನೋಡಬೇಕು. ಕನ್ನಡದಲ್ಲೇ .ಭಾರತ ಹೆಸರೂ ಸಿಗುತ್ತದೆ. ಆದರೆ ಫೋನಿನಲ್ಲಿ ಹೇಳಿ ಬರೆಸಲು .ಇನ್ ಸುಲಭ. ಖಾತೆ ತೆರೆಯುವಾಗ ಇಮೇಲ್, ಫೋನ್ ನಂಬರು ಎರಡೂ ಅಂಗಡಿಯ ಮಾಲೀಕರದೇ ಇರಲಿ. ಪುಟ ಮಾಡಿಕೊಟ್ಟವರ ಇಮೇಲಿನಲ್ಲಿದ್ದರೆ, ಅವರು ಊರು ಬಿಟ್ಟ ವರ್ಷ ಡೊಮೇನೂ ಕೈಬಿಡುತ್ತದೆ. ಗಿಟ್‌ಹಬ್, ಕ್ಲೌಡ್‌ಫ್ಲೇರ್ ಖಾತೆಗಳಿಗೂ ಇದೇ ಮಾತು.

ಕಡೆಯ ಪರೀಕ್ಷೆ ಗಲ್ಲಾದ ಪಕ್ಕದಲ್ಲಿ ನಡೆಯಿತು, ಅಂಗಡಿಯ ಫೋನಿನಲ್ಲೇ. ದರಪಟ್ಟಿಯ ಫೈಲು ತೆರೆ, ಪೆನ್ಸಿಲ್ ಗುರುತು ಒತ್ತು, 90 ಅಳಿಸಿ 100 ಬರೆ, ಹಸಿರು ಗುಂಡಿ ಒತ್ತು. ಕಾಫಿ ಬರುವಷ್ಟರಲ್ಲಿ ಪುಟದಲ್ಲಿ ಹೊಸ ದರ. ಮೊದಲ ಯತ್ನದಲ್ಲಿ ಒಂದು ಸಮಚಿಹ್ನೆಯೂ ಅಳಿಸಿಹೋಗಿ ತೂಕದ ಜಾಗದಲ್ಲಿ ದರ ಬಂದು ಕೂತಿತ್ತು. ಆಮೇಲೆ ಕೋಡಿಗೆ ಎರಡು ಸಾಲು ಸೇರಿಸಿದ್ದಾಯಿತು: ಸಾಲಿನಲ್ಲಿ ಮೂರು ಭಾಗ ಇಲ್ಲದಿದ್ದರೆ ದರದ ಬದಲು "ಅಂಗಡಿಗೆ ಫೋನ್ ಮಾಡಿ" ಎಂದು ತೋರಿಸು. ಅದಕ್ಕೂ ಮೀರಿ ಕೆಟ್ಟರೆ ಕ್ಲೌಡ್‌ಫ್ಲೇರಿನಲ್ಲಿ ಹಿಂದಿನ ಆವೃತ್ತಿಗೆ ಮರಳುವ ಆಯ್ಕೆ ಇದೆ. ಅದರ ಹೆಜ್ಜೆಗಳನ್ನು ಒಂದು ಚೀಟಿಯಲ್ಲಿ ಬರೆದು ಗಲ್ಲಾದ ಒಳಬದಿಗೆ ಅಂಟಿಸಿದೆವು. ಬದಲಿಸಿದ ಮೇಲೂ ಹಳೆಯ ದರ ಕಂಡರೆ, ಮೊದಲೇ ತೆರೆದಿಟ್ಟ ಪುಟವನ್ನು ಬೆರಳಿನಿಂದ ಕೆಳಕ್ಕೆ ಎಳೆದು ಬಿಡಬೇಕು ಎಂಬುದು ಆ ಚೀಟಿಯ ಮೊದಲ ಸಾಲು.